ಗಾಜಿನ ಗುಂಡಿನ ಮೇಲೆ ಬಿದ್ದ ನೆರಳು

“ನೆರಳು! ನೆರಳು ತೆಗೀರಿ ಮೊದಲು!”

ಈರಕ್ಕ ಬೆಚ್ಚಿಬಿದ್ದಳು. ಹುಟ್ಟಿದಾಗಿನಿಂದ ಅವಳು ಕುರಿ ಮೇಯಿಸಿದ ಕ್ಯಾತಗಾನಚೆರ್ಲಿನ ಗೋಮಾಳ ಇದು. ಇಲ್ಲಿ ಬಂದು ಅವಳ ನೆರಳನ್ನೇ ತೆಗಿ ಅನ್ನೋನು ಯಾವನಪ್ಪ ಇವನು?

ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಬೂಟು. ಅವನ ಮುಂದೆ ಕಲ್ಲುಕಟ್ಟೆಯ ಮೇಲೆ ಒಂದು ಗಾಜಿನ ಗುಂಡು.

“ಯಾಕೆ, ನಮ್ಮ ನೆರಳು ಬಿದ್ರೆ ಮೈಲಿಗೆ ಆಗ್ತೈತಾ?” ಈರಕ್ಕ ಉರಿದುಬಿದ್ದಳು. “ನೀನು ನಿನ್ನೆ ಮೊನ್ನೆ ಬಂದೋನು. ನಾವು ತಾತನ ಕಾಲದಿಂದ ಇಲ್ಲೇ ಇರೋರು!”

ಅವನು ಕಕ್ಕಾಬಿಕ್ಕಿಯಾದ.

“ಅಯ್ಯೋ, ಅಂಗಲ್ಲ ಕಣಮ್ಮ! ನಾನೂ ಗೊಲ್ಲರ ಹಟ್ಟಿಯೋನೇ. ಸಿರಾ ಕಡೆ, ಯತ್ತಪ್ಪ ಅಂತ. ಇಲ್ಲಿ ನೋಡಿ...”

ಬಗ್ಗಿ ನೋಡಿದಳು. ಗುಂಡಿನೊಳಗಿಂದ ಹಾದ ಬಿಸಿಲು ಹಿಂದಿದ್ದ ರಟ್ಟಿನ ಪಟ್ಟಿಯನ್ನು ಸಣ್ಣಗೆ ಸುಡುತ್ತಿತ್ತು. ಸೂರ್ಯ ಸರಿದಂತೆ ಸುಟ್ಟ ಗೆರೆ ಉದ್ದವಾಗುತ್ತಿತ್ತು.

“ಬಿಸಿಲು ಇದ್ದಷ್ಟು ಹೊತ್ತು ಗೆರೆ. ಮೋಡ ಬಂದ್ರೆ, ನೆರಳು ಬಿದ್ರೆ ಗೆರೆ ತುಂಡಾಗುತ್ತೆ. ಇಲ್ಲಿ ಬಿಸಿಲಿಂದ ಕರೆಂಟ್ ಮಾಡಬಹುದಾ ಅಂತ ಸರ್ಕಾರ ನೋಡ್ತಿದೆ.”

“ಪಾವಗಡದಾಗೆ ಬಿಸಿಲು ಐತಾ ಅಂತ ನೋಡಾಕೆ ಗಾಜು ಬೇರೆ ಬೇಕಾ?”

ಯತ್ತಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗು... ಈರಕ್ಕನ ನೆಮ್ಮದಿ ಹಾಳಾಗಿದ್ದು ಅಲ್ಲಿಂದಲೇ!

ಎಂಬತ್ತನಾಲ್ಕನೇ ಇಸವಿಯ ಬೇಸಿಗೆ ಅದು. ಗೋಮಾಳದ ಬೇರೆ ಕಡೆಯೂ ಹುಲ್ಲಿತ್ತು. ಆದರೂ ಈರಕ್ಕನ ಕುರಿಗಳು ಪ್ರತಿದಿನ ಕಟ್ಟೆಯ ಕಡೆಗೇ ಹೊರಡುತ್ತಿದ್ದವು. ಪಾಪ, ಕುರಿಗಳಿಗೇನು ಗೊತ್ತು? ಹೊಡೆದುಕೊಂಡು ಹೋಗುತ್ತಿದ್ದವಳು ಅವಳೇ!

ಅವನಿಗೆಂದು ಮಜ್ಜಿಗೆ ತರುತ್ತಿದ್ದಳು. ಗುಂಡಿನ ಮೇಲೆ ನೆರಳು ಬೀಳದಂತೆ ಸುತ್ತು ಹಾಕಿ ಬರುತ್ತಿದ್ದಳು.

“ನೆರಳು ಜೋಪಾನ ಈರಕ್ಕಾರೆ!” ಅಂತ ಅವನು ರೇಗಿಸುತ್ತಿದ್ದ.

ಮನೆಗೆ ಹೋದರೆ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ‘ಬಿಸಿಲಿನ ಲೆಕ್ಕ ಮುಗಿದರೆ ಇವನು ಹೊರಟುಬಿಡ್ತಾನಲ್ಲ...’ ಅದೊಂದೇ ತಳಮಳ.

ಒಂದು ದಿನ ಮಧುಗಿರಿಯಿಂದ ಯತ್ತಪ್ಪನ ಸಾಹೇಬರ ಜೀಪು ಬಂತು. ಬಂಡೆಯ ಮರೆಯಲ್ಲಿ ಮರಿಗೆ ಹಾಲು ಕುಡಿಸುತ್ತಿದ್ದ ಈರಕ್ಕನಿಗೆ ಸಾಹೇಬರ ಮಾತು ಕೇಳಿಸಿತು.

“ಬಿಸಿಲೇನೋ ಭರ್ಜರಿಯಾಗಿದೆ. ಜಾಗ ಖಾಲಿ ತಾನೇ? ಯಾರೂ ಬಳಸಲ್ವಲ್ಲ? ಸುತ್ತ ಬೇಲಿ ಹಾಕಿಸಿಬಿಡೋಣ.”

ಯತ್ತಪ್ಪ ತಡವರಿಸಿದ. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮಾಡುವುದು ಬಿಡುವುದು ಇದೇ ಸಾಹೇಬರ ಕೈಲಿತ್ತು.

“ಹೂಂ ಸಾರ್... ಖಾಲಿ.”

ಖಾಲಿ!

ಈರಕ್ಕ ಮರಿಯನ್ನು ಅವುಚಿಕೊಂಡಳು. ಇಡೀ ಗೋಮಾಳಕ್ಕೆ ಬೇಲಿ ಬಿದ್ದರೆ ಹಟ್ಟಿಯ ಕುರಿಗಳನ್ನೆಲ್ಲ ಮಾರುವುದೊಂದೇ ದಾರಿ. ಅದಕ್ಕಿಂತ... ‘ದಿನಾ ಅವನ ಎದುರಿಗೇ ಇದ್ದೆನಲ್ಲ! ನಾನೂ ಲೆಕ್ಕಕ್ಕಿಲ್ವಾ?’

ಮಾರನೆಯ ಬೆಳಿಗ್ಗೆ ಅವಳು ಸುತ್ತು ಹಾಕಲಿಲ್ಲ. ನೇರವಾಗಿ ಬಂದು ತನ್ನ ನೆರಳು ಗುಂಡಿನ ಮೇಲೆ ಬೀಳುವಂತೆ ನಿಂತಳು.

“ಈರಕ್ಕಾರೆ, ನೆರಳು...”

“ಖಾಲಿ ಜಾಗದಾಗೆ ನೆರಳು ಎಲ್ಲಿಂದ ಬಂತು ಸಾಮಿ?”

ಯತ್ತಪ್ಪನ ಮುಖ ಕಪ್ಪಿಟ್ಟಿತು.

“ನಿಂಗೆ ದಿನಾ ಮಜ್ಜಿಗೆ ಕೊಟ್ಟಿದ್ದು ಯಾರು? ಗಾಳಿನಾ?” ಅವಳು ಕುರಿಕೋಲನ್ನು ನೆಲಕ್ಕೆ ಕುಟ್ಟಿದಳು. “ಹಟ್ಟಿಯಾಗೆ ಹುಟ್ಟಿದೋನು ನೀನು... ನಿನ್ನ ಬಾಯಾಗೆ ಹೆಂಗೆ ಬಂತು ಆ ಮಾತು?”

ಸೂರ್ಯ ಸರಿದಂತೆ ಅವಳೂ ಸರಿದಳು. ಅವನು ಅವಳನ್ನು ಬೈಯಲಿಲ್ಲ, ಗುಂಡನ್ನೂ ಅಲುಗಾಡಿಸಲಿಲ್ಲ. ತಲೆ ತಗ್ಗಿಸಿ ಕೂತೇ ಇದ್ದ. ಸಂಜೆ ತೆಗೆದ ಪಟ್ಟಿ ಹೆಚ್ಚುಕಡಿಮೆ ಹಾಗೇ ಇತ್ತು, ಸುಟ್ಟ ಗೆರೆಯೇ ಇಲ್ಲ. ಅದನ್ನೂ ಅವನು ಎಂದಿನಂತೆ ಮಧುಗಿರಿಗೆ ಕಳಿಸಿದ.

ಮುಂದಿನ ವಾರ ಸಾಹೇಬರು ಅದೇ ಪಟ್ಟಿ ಹಿಡಿದು ಜೀಪಿನಿಂದ ಇಳಿದರು. ಬೇಲಿಯ ಸುದ್ದಿ ತಿಳಿದು ಹಟ್ಟಿಯವರೆಲ್ಲ ಸೇರಿದ್ದರು. ಮುಂದೆಯೇ ಈರಕ್ಕನ ಅಪ್ಪ ದಾಸಣ್ಣ, ಕೈಯಲ್ಲಿ ಕೋಲು.

“ಮೋಡವೇ ಇಲ್ಲದ ದಿನ ಗೆರೆ ಇಲ್ಲ! ಏನಯ್ಯ ಇದು?” ಸಾಹೇಬರು ಪಟ್ಟಿಯನ್ನು ಯತ್ತಪ್ಪನ ಮುಖಕ್ಕೆ ಹಿಡಿದರು.

ಈರಕ್ಕನ ಜೀವ ಬಾಯಿಗೆ ಬಂತು. ‘ನನ್ನ ಹೆಸರು ಹೇಳಿಬಿಡ್ತಾನೆ!’

“ಮನುಷ್ಯರ ನೆರಳು ಸಾರ್,” ಯತ್ತಪ್ಪನ ದನಿ ನಡುಗಿತು, ಆದರೆ ನಿಲ್ಲಲಿಲ್ಲ. “ಈ ಜಾಗ ಖಾಲಿ ಇಲ್ಲ. ಅವತ್ತು ಖಾಲಿ ಅಂದಿದ್ದು ನಾನು ಹೇಳಿದ ಸುಳ್ಳು. ಇವರ ಬದುಕೆಲ್ಲ ಇಲ್ಲೇ ಇದೆ.”

“ಕೆಲಸ ಬೇಡವೇನಯ್ಯ ನಿನಗೆ?”

“ಬೇಕು ಸಾರ್. ಆದ್ರೂ ನಾನು ಹೇಳೋದು ಇದನ್ನೇ.”

ಸಾಹೇಬರು ಜನರನ್ನೊಮ್ಮೆ, ದಾಸಣ್ಣನ ಕೋಲನ್ನೊಮ್ಮೆ ನೋಡಿದರು. “ಗುಂಡು ಬಿಚ್ಚಿಕೊಂಡು ನಾಳೆ ಮಧುಗಿರಿಗೆ ಬಾ. ಬೇರೆ ಜಾಗ ನೋಡೋಣ. ನಿನ್ನ ವಿಚಾರ ಅಲ್ಲಿ ನೋಡ್ಕೋತೀನಿ!” ಎಂದು ಜೀಪು ಹತ್ತಿದರು.

ಧೂಳು ಅಡಗಿತು. ದಾಸಣ್ಣ ನಿಧಾನವಾಗಿ ಯತ್ತಪ್ಪನ ಹತ್ತಿರ ಬಂದ.

“ನಿಂದು ಯಾವ ಬೆಡಗು ಮಗಾ?”

ಈರಕ್ಕನ ಕೆನ್ನೆ ಕೆಂಪಾಯಿತು. ಅವರ ಹಟ್ಟಿಯಲ್ಲಿ ವಯಸ್ಸಿಗೆ ಬಂದ ಗಂಡಿನ ಬೆಡಗು, ಅಂದರೆ ಕುಲದ ಕವಲು, ಕೇಳುವುದು ಹೆಣ್ಣು ಕೊಡುವ ಮನಸ್ಸಿದ್ದವರು ಮಾತ್ರ; ಒಂದೇ ಬೆಡಗಾದರೆ ಸಂಬಂಧ ಕೂಡದು!

ಯತ್ತಪ್ಪ ತೊದಲುತ್ತ ಹೇಳಿದ.

“ನಮ್ದಲ್ಲ. ಒಳ್ಳೇದೇ ಆಯ್ತು ಬುಡು,” ಎಂದ ದಾಸಣ್ಣ, ಹಟ್ಟಿಯವರನ್ನೆಲ್ಲ ಕರೆದುಕೊಂಡು ಕುರಿಗಳತ್ತ ನಡೆದೇಬಿಟ್ಟ.

ಉಳಿದವರು ಇಬ್ಬರೇ. ಈರಕ್ಕ ಕಟ್ಟೆಯ ಬಳಿ ಬಂದಳು.

“ನಾಳೆ ಹೋದೋರು... ಬರ್ತೀರಾ?”

“ನಮ್ಮ ಹಿರೀಕರನ್ನ ಕರ್ಕೊಂಡೇ ಬರ್ತೀನಿ.”

“ಕೆಲಸ ಹೋದ್ರೆ?”

“ಕುರಿ ಕಾಯೋದು ಮರ್ತಿಲ್ಲ. ನೀನು ಒಪ್ಪಿದ್ರೆ ಸಾಕು.”

ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು. ನೆರಳು ಗುಂಡಿನ ಮೇಲೆ ಬಿತ್ತು, ಪಟ್ಟಿಯ ಸಣ್ಣ ಹೊಗೆ ನಿಂತಿತು.

“ಅಯ್ಯೋ, ಗೆರೆ ತುಂಡಾಯ್ತು... ಸರೀಲಾ?”

“ಬೇಡ ಈರೀ... ಅಲ್ಲೇ ಇರು.”