ಬಾಗಿಲಲ್ಲಿ ನಿಲ್ಲುವ ಗಂಡ

ನಂಬದವರು ನಂಬಬೇಡಿ. ನನ್ನ ಗಂಡ ರಸ್ತೆಯಲ್ಲಿ ಯಾವಾಗಲೂ ನನಗಿಂತ ಹತ್ತು ಮಾರು ಮುಂದೆ ನಡೆಯುವ ಮನುಷ್ಯ. ಒಮ್ಮೆಯೂ ಹಿಂತಿರುಗಿ ನೋಡಿದ್ದಿಲ್ಲ. ತೀರಿಹೋದ ಮೊದಲ ಹೆಂಡತಿಯ ಜೊತೆ ಅವರು ಆಡುತ್ತಿದ್ದ ಹಳೆಯ ಶೂಟಿಂಗ್ ಗೇಮ್ ಈ ವರ್ಷ ಕಂಪ್ಯೂಟರಿಗೆಂದು ಹೊಸದಾಗಿ ಬಂತು. ಅಂದೇ ಹಾಕಿಕೊಂಡರು.

ಓಡುತ್ತಲೇ ಗುಂಡು ಹಾರಿಸಬೇಕಾದ ಆಟ ಅದು, ನಿಂತರೆ ಸತ್ತಂತೆ. ಇವರೋ ಪ್ರತಿ ಬಾಗಿಲಲ್ಲೂ ನಿಲ್ಲುತ್ತಿದ್ದರು. ಗುಂಡು ಬಿದ್ದರೂ ಸರಿ, ಬಾಗಿಲು ಮುಚ್ಚದಂತೆ ಅಡ್ಡ ನಿಂತು ಕಾಯುತ್ತಿದ್ದರು. ಸ್ಪೀಕರಿನಲ್ಲಿ ಇನ್ನೊಬ್ಬರ ಹೆಜ್ಜೆ ಓಡಿಬಂದು ದಾಟಿದ ಮೇಲೆಯೇ ಮುಂದಕ್ಕೆ.

"ಯಾರ ಜೊತೆ ಆಡ್ತಿದೀರಿ?"

"ಒಬ್ಬನೇ ಕಣೇ."

ನನಗೆ ಹೊಟ್ಟೆ ಉರಿದುಹೋಯಿತು. ಅವರು ಸ್ನಾನಕ್ಕೆ ಹೋದಾಗ ನಾನೇ ಆಡಲು ಕೂತೆ. ಹಿಂದೆ ಹೆಜ್ಜೆ ಕೇಳಿದೊಡನೆ ಬಾಗಿಲು ದಾಟಿ ಓಡಿದೆ. ಅದು ತಾನಾಗಿ ಮುಚ್ಚಿಕೊಂಡಿತು.

"ಅಲ್ಲೇ ಬಿದ್ದಿರು, ಸವತಿ," ಅಂದೆ.

ಸ್ಪೀಕರ್ ಸುಮ್ಮನಾಯಿತು. ಆಮೇಲೆ ನಮ್ಮ ಕೋಣೆಯಲ್ಲೇ, ನನ್ನ ಬೆನ್ನ ಹಿಂದೆ, ಓಡಿ ಬಂದವರ ಏದುಸಿರು. ಕತ್ತು ತಣ್ಣಗಾಯಿತು. ತಿರುಗಿದರೆ ಯಾರೂ ಇಲ್ಲ. ಗೇಮನ್ನೇ ಅಳಿಸಿಹಾಕಿದೆ. ಇವರು ಒಂದು ಮಾತೂ ಬೈಯಲಿಲ್ಲ.

ಮರುದಿನ ಇಬ್ಬರೂ ಔಷಧಿ ಅಂಗಡಿಗೆ ಹೋದೆವು. ಮದುವೆಯಾದ ಮೇಲೆ ಮೊದಲ ಸಲ ಇವರು ಗಾಜಿನ ಬಾಗಿಲು ತೆರೆದು ಹಿಡಿದು ನಿಂತರು. ನಾಚಿಕೊಂಡೇ ಒಳಗೆ ಹೋದೆ. ಇವರು ಬಾಗಿಲು ಬಿಡಲಿಲ್ಲ.

"ಬನ್ನಿ, ನಾನು ಬಂದಾಯ್ತಲ್ಲ ರೀ."

"ಇರು," ಅಂದರು, ರಸ್ತೆಯ ಕಡೆ ನೋಡುತ್ತಾ.

ತಣ್ಣನೆಯದೇನೋ ನನ್ನ ಕತ್ತಿಗೆ ತಾಗಿ ಒಳಗೆ ಹೋಯಿತು. ಆಗ ಬಾಗಿಲು ಬಿಟ್ಟರು.