ಎಣ್ಣೆ ಬೇಡದ ಯಂತ್ರ

"ಇದಕ್ಕೆ ಎಣ್ಣೆ ಬೇಡ ಗುರುಗಳೇ. ತಿರುಗೋ ಚಕ್ರ ಒಂದೂ ಇಲ್ಲ," ಎಂದು ಮೆಕ್ಯಾನಿಕ್ಕಿನ ಹಳೆಯ ಶಿಷ್ಯ ಎಲ್ಲರೆದುರು ಅಂದಿದ್ದ. ಅಷ್ಟಕ್ಕೇ ನಿಲ್ಲಿಸಿದ್ದರೆ ನುಂಗಿಕೊಳ್ಳಬಹುದಿತ್ತೇನೋ. "ಆ ಎಣ್ಣೆ ಡಬ್ಬೀನ ಇನ್ನು ತಲೆಗೆ ಹಚ್ಕೊಳ್ಳೋಕೆ ಇಟ್ಕೊಳ್ಳಿ," ಎಂದೂ ಸೇರಿಸಿದ. ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೆಕ್ಯಾನಿಕ್ಕಿನ ಬೋಳುತಲೆ ಕಿವಿಯವರೆಗೂ ಕೆಂಪಾಯಿತು.

ಸೇತುವೆಗಳ ನಕ್ಷೆ ತಯಾರಿಸುವ ಆ ಕಚೇರಿಯಲ್ಲಿ ಲೆಕ್ಕದ ಯಂತ್ರಗಳಿಗೆಲ್ಲ ಅವನೇ ವೈದ್ಯ. ಹೊಟ್ಟೆಯೊಳಗೆ ಮೋಟಾರು ಇಟ್ಟುಕೊಂಡ, ಟೈಪ್‌ರೈಟರಿನಷ್ಟು ದೊಡ್ಡ ಕಬ್ಬಿಣದ ಯಂತ್ರಗಳವು. ಹಾಲ್ ತುಂಬ ಹೆಂಗಸರು ಅವುಗಳ ಮುಂದೆ ಕೂತು ದಿನವಿಡೀ ಗುಣಿಸಿ ಭಾಗಿಸುತ್ತಿದ್ದರು. ಅವರ ಮುಂದಾಳು ಅವನ ನಾದಿನಿ. ಅವಳು 'ಭಾವ' ಅನ್ನುತ್ತಾಳೆಂದು ಹಾಲ್‌ನವರಿಗೆಲ್ಲ ಅವನು ಭಾವನೇ ಆಗಿದ್ದ. ಈಗ ಶಿಷ್ಯ ಮಾರಲು ಹೊತ್ತು ತಂದಿದ್ದ ಎಲೆಕ್ಟ್ರಾನಿಕ್ ಪೆಟ್ಟಿಗೆ ಒಂದಿಷ್ಟೂ ಸದ್ದಿಲ್ಲದೆ, ಗಾಜಿನ ಕೊಳವೆಗಳಲ್ಲಿ ಕಿತ್ತಳೆ ಬಣ್ಣದ ಅಂಕಿ ಬೆಳಗಿಸಿ, ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಡುತ್ತಿತ್ತು. ಇವತ್ತು ಊಟವಾದ ಮೇಲೆ ನಿರ್ದೇಶಕರು ಅದನ್ನು ನೋಡುವವರಿದ್ದರು. ಅವರು ಒಪ್ಪಿದರೆ ಹಾಲ್‌ಗೂ ಬೀಗ, ಅವನ ವರ್ಕ್‌ಶಾಪಿಗೂ ಬೀಗ.

ಸ್ಕ್ರೂಡ್ರೈವರು ಹಿಡಿಯಲು ಬಾರದೆ ಮೂಗು ಒರೆಸಿಕೊಂಡು ನಿಂತಿದ್ದವನು ಈ ಶಿಷ್ಯ. ಬೆರಳು ಹಿಡಿದು ಕಲಿಸಿದ್ದಕ್ಕೆ ಇದು ದಕ್ಷಿಣೆ. ಉಂಡ ಮನೆಯ ಜಂತೆ ಎಣಿಸುವವರನ್ನು ಮೆಕ್ಯಾನಿಕ್ಕು ಕಂಡಿದ್ದ. ಇವನು ಎಣಿಸುವುದಕ್ಕೆ ಯಂತ್ರವನ್ನೇ ತಂದಿದ್ದ.

ಪೆಟ್ಟಿಗೆಯನ್ನು ಸುತ್ತಿಗೆಯಿಂದ ಪುಡಿ ಮಾಡೋಣವೆಂದು ಕೈ ತುರಿಸಿತು. ಆದರೆ ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಅವನ ಸಿಟ್ಟು ಅವಸರದ್ದಲ್ಲ, ಕುದಿದು ಕುದಿದು ಗಟ್ಟಿಯಾದದ್ದು. ಶಿಷ್ಯ ಜಂಬದಿಂದ ಹಿಂದಿನ ಮುಚ್ಚಳ ತೆಗೆದು ತೋರಿಸಿದಾಗ ಅವನು ನೋಡಿಟ್ಟುಕೊಂಡಿದ್ದ: ಸ್ಟ್ಯಾಂಡಿನಲ್ಲಿ ತಟ್ಟೆ ನಿಲ್ಲಿಸಿದ ಹಾಗೆ ಒಳಗೆ ಸಾಲಾಗಿ, ಬಿಡಿಭಾಗಗಳನ್ನು ಬೆಸೆದ ತೆಳು ಹಲಗೆಗಳು. ಅವುಗಳಲ್ಲಿ ಒಂದನ್ನು ಎಳೆದುಕೊಂಡರೆ ಸಾಕು, ನಿರ್ದೇಶಕರೆದುರು ಪೆಟ್ಟಿಗೆ ತೊದಲುತ್ತದೆ. ಬೇರೆ ಹಲಗೆ ದೂರದ ಕಾರ್ಖಾನೆಯಿಂದ ಬರಬೇಕು. ನಿರ್ದೇಶಕರು ಸಂಜೆಯ ರೈಲಿಗೆ ಹೊರಡುತ್ತಾರೆ. ಕದ್ದ ಹಲಗೆಯನ್ನು ವರ್ಕ್‌ಶಾಪಿನ ಒಂದು ಕೆಟ್ಟ ಯಂತ್ರದ ಹೊಟ್ಟೆಯೊಳಗಿಟ್ಟು ಸ್ಕ್ರೂ ಬಿಗಿದರೆ, ಅದನ್ನು ಬಿಚ್ಚಲು ಬರುವವನು ಈ ಕಟ್ಟಡದಲ್ಲಿ ಅವನೊಬ್ಬನೇ.

ಮೊದಲ ಅನುಮಾನ ತನ್ನ ಮೇಲೆಯೇ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೆ ಸಾಕ್ಷಿಯನ್ನೂ ಸಿದ್ಧಮಾಡಿಕೊಂಡಿದ್ದ, ಬೇರೆ ಯಾರನ್ನೂ ಅಲ್ಲ, ಮ್ಯಾನೇಜರನ್ನೇ. ಅವರ ಕೋಣೆಗೂ ವರ್ಕ್‌ಶಾಪಿಗೂ ನಡುವೆ ಬರೀ ಪ್ಲೈವುಡ್ ಗೋಡೆ. ಅವರು ಊಟಕ್ಕೆ ಕೂತಾಗ ಅವನು ಯಂತ್ರ ಓಡಿಸಿ ನೋಡಿದರೆ ಗೋಡೆ ಗುದ್ದುತ್ತಿದ್ದರು. "ಏನಯ್ಯಾ ಅದು, ಹಿಟ್ಟಿನ ಗಿರಣಿನಾ?" ಇವತ್ತು ಆ ಗಿರಣಿಯೇ ಅವನ ಪರ ಸಾಕ್ಷಿ ಹೇಳಲಿ.

ಯಂತ್ರ ಭಾಗಾಕಾರ ಮಾಡುವುದೆಂದರೆ ಕಳೆಯುತ್ತ ಹೋಗುವುದು, ಕಳೆಯಲು ಏನೂ ಉಳಿಯದಿದ್ದಾಗ ನಿಲ್ಲುವುದು. ಸೊನ್ನೆಯಿಂದ ಭಾಗಿಸು ಅಂದರೆ ಪಾಪ, ಅದು ಸೊನ್ನೆಯನ್ನೇ ಕಳೆಯುತ್ತ ಕೂರುತ್ತದೆ. ಯಾರಾದರೂ ನಿಲ್ಲಿಸುವವರೆಗೆ ಗಡಗಡ ಅನ್ನುತ್ತಲೇ ಇರುತ್ತದೆ. ಮೋಟಾರು ಬಿಸಿಯಾದೀತು, ಆಗಲಿ. ಹೇಗೂ ಗುಜರಿಗೆ ಹೋಗುವ ಯಂತ್ರ.

ಶಿಷ್ಯ ಊಟಕ್ಕೆ ಹೊರಗೆ ಹೋದ. ಹೆಂಗಸರು ಡಬ್ಬಿ ಹಿಡಿದು ಹಿಂದಿನ ಅಂಗಳಕ್ಕಿಳಿದರು. ಗೋಡೆಯಾಚೆ ಮ್ಯಾನೇಜರ ಕುರ್ಚಿ ಕಿರುಗುಟ್ಟಿತು. ಅವನು ಒಂದು ದೊಡ್ಡ ಸಂಖ್ಯೆ ಒತ್ತಿ, ಸೊನ್ನೆಯಿಂದ ಭಾಗಿಸಲು ಬಿಟ್ಟು, ಬಾಗಿಲು ಎಳೆದುಕೊಂಡು ಹೊರಟ. ಹಿಂದೆ ಗೋಡೆ ಗುದ್ದಿದ ಸದ್ದು ಕೇಳಿ ಅವನಿಗೆ ನಗು ಬಂತು. ಗುದ್ದಿ ಸ್ವಾಮಿ, ಚೆನ್ನಾಗಿ ಗುದ್ದಿ.

ಸಭೆಯ ಕೋಣೆಯಲ್ಲಿ ಪೆಟ್ಟಿಗೆ ಮೇಜಿನ ಮೇಲೆ ಮದುಮಗನಂತೆ ಕೂತಿತ್ತು. ಸ್ಕ್ರೂಗಳು ಮಾತು ಕೇಳಿದವು. ಒಂದು ಹಲಗೆ ಬೆಣ್ಣೆಯೊಳಗಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು. ಅದನ್ನು ಅಂಗಿಯೊಳಗೆ ಸೇರಿಸಿ, ಮುಚ್ಚಳ ಮೊದಲಿನಂತೆ ಬಿಗಿದು, ತಲೆಯ ಮೇಲೊಮ್ಮೆ ಕೈಯಾಡಿಸಿಕೊಂಡ. ಎಣ್ಣೆ ಹಚ್ಕೋಬೇಕಂತೆ. ಹಚ್ಕೋತೀನಿ ಮಗನೇ.

ಕಾರಿಡಾರಿನ ತಿರುವಿನಲ್ಲಿ ಅವನ ಕಾಲು ನಿಂತಿತು. ಗಡಗಡ ಕೇಳಿಸುತ್ತಿರಲಿಲ್ಲ.

ವರ್ಕ್‌ಶಾಪಿನ ಬಾಗಿಲು ತೆರೆದಿತ್ತು. ಒಳಗೆ ನಾದಿನಿ, ಎಂಜಲು ಕೈ ದೂರ ಹಿಡಿದು, ಎಡಗೈ ಬೆರಳನ್ನು ಯಂತ್ರ ನಿಲ್ಲಿಸುವ ಗುಂಡಿಯ ಮೇಲೆ ಒತ್ತಿಕೊಂಡು ನಿಂತಿದ್ದಳು. ಅವಳ ಬೆನ್ನಿಗೆ ಹಾಲ್‌ನ ಹೆಂಗಸರು. ಗದ್ದಲ ಕೇಳಿ ಎದ್ದು ಬಂದ ಮ್ಯಾನೇಜರು.

"ಎಲ್ಲಿಗ್ ಹೋಗಿದ್ರಿ ಭಾವ? ಇನ್ನೊಂದ್ ಗಳಿಗೆ ಬಿಟ್ಟಿದ್ರೆ ಮೋಟಾರು ಸುಟ್ಟೇ ಹೋಗ್ತಿತ್ತು."

"ನೀನು ಒಳಗೇ ಇದ್ದೀಯ ಅಂದ್ಕೊಂಡು ಗೋಡೆ ಗುದ್ದಿದ್ನಲ್ಲಯ್ಯಾ," ಅಂದರು ಮ್ಯಾನೇಜರು. ಅವರ ಕಣ್ಣು ಅವನ ಅಂಗಿಯ ಉಬ್ಬಿನ ಮೇಲೆ ನಿಂತಿತು.

ಮ್ಯಾನೇಜರ ಕಿವಿಗೆ ಯಂತ್ರದ ಸದ್ದೆಲ್ಲ ಒಂದೇ. ಆದರೆ ಊಟದ ಹೊತ್ತಿನಲ್ಲಿ ಹಾಲ್‌ನ ಯಂತ್ರಗಳೆಲ್ಲ ಮಲಗಿರುತ್ತವೆ. ಓಡುತ್ತಿದ್ದ ಅವನದೊಂದೇ ಯಂತ್ರ ಅಂಗಳದವರೆಗೂ ಕೂಗಿ ಹೇಳುತ್ತಿತ್ತು. ಸರಿಯಾದ ಭಾಗಾಕಾರವಾದರೆ ಅದು ನಡುನಡುವೆ ಉಸಿರು ಬಿಟ್ಟು, ಅಂಕಿಪಟ್ಟಿಯನ್ನು ಠಕ್ಕೆಂದು ಒಂದು ಸ್ಥಾನ ಪಕ್ಕಕ್ಕೆ ಸರಿಸುತ್ತದೆ. ಉಸಿರೇ ಬಿಡದೆ ಒಂದೇ ಸಮ ಓಡುತ್ತಿದ್ದರೆ ಯಾರೋ ಸೊನ್ನೆಯಿಂದ ಭಾಗಿಸಿದ್ದಾರೆಂದು ಅರ್ಥ; ಬಾಯಲ್ಲಿ ತುತ್ತಿದ್ದರೂ ಎದ್ದು ಓಡಿ ನಿಲ್ಲಿಸಬೇಕು. ಕೆಲಸಕ್ಕೆ ಸೇರಿದ ಮೊದಲ ದಿನವೇ ಪ್ರತಿಯೊಬ್ಬಳನ್ನೂ ಕೂರಿಸಿಕೊಂಡು, ಬೈದು ಬೈದು ಇದನ್ನು ಕಲಿಸಿದವನು ಅವನೇ.