ಚಾಕಿ ಮನೆಯ ಸುಳ್ಳು

"ಅಲ್ಲೇ ನಿಲ್ಲಿ! ಇನ್ನೊಂದ್ ಹೆಜ್ಜೆ ಇಟ್ರೆ ನೋಡಿ ಮತ್ತೆ!"

ಬಾಗಿಲು ತಳ್ಳಿದ್ದ ಉದಯಕುಮಾರನ ಕಾಲು ಹೊಸಿಲಿನ ಮೇಲೆಯೇ ನಿಂತಿತು.

ಒಳಗೆ ಮಬ್ಬು ಬೆಳಕು, ಬಿಸಿ, ಹಸಿ ಸೊಪ್ಪಿನ ವಾಸನೆ. ತಲೆಗೆ ಬಿಳಿ ಟೋಪಿ, ಬಾಯಿಗೆ ಮಾಸ್ಕ್ ಹಾಕಿಕೊಂಡ ಒಬ್ಬ ಹುಡುಗಿ. ಅವನು ನೋಡಲು ಬಂದಿದ್ದ ಹುಡುಗಿ... ಮಾಲಿನಿ!

"ಸೆಂಟ್ ಹಾಕ್ಕೊಂಡಿದೀರಾ?"

"ಹೆಣ್ಣು ನೋಡಕ್ ಬಂದಿದೀವಲ್ಲಾ... ಅಮ್ಮ ಹಾಕ್ಬುಟ್ರು."

"ನಿಮ್ಮಮ್ಮ ಹಾಕಿದ್ ಸೆಂಟಿಗೆ ನನ್ ಹುಳ ಸಾಯ್ತವೆ! ಮಾತಾಡ್ಬೇಕು ಅಂದ್ರೆ ಹೊರಗಿಂದ ಕಿಟಕಿ ತಾವ್ ಬನ್ನಿ."

ಧನಗೆರೆಯಲ್ಲಿ ಅಪ್ಪ ದೊಡ್ಡಮಾದಪ್ಪನ ಮನೆಯ ಹಿತ್ತಲಲ್ಲಿ ಮಾಲಿನಿ ಕಟ್ಟಿಕೊಂಡಿದ್ದ ಚಾಕಿ ಮನೆ ಅದು. ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಎರಡು ಸಲ ಪೊರೆ ಬಿಡುವವರೆಗೆ ಅಲ್ಲಿ ಸಾಕಿ, ಆಮೇಲೆ ರೈತರಿಗೆ ಕೊಡಬೇಕು. ವರ್ಷದಿಂದ ಪ್ರತಿ ಭಾನುವಾರ ತರಬೇತಿಗೆ ಓಡಾಡಿ ಕಲಿತಿದ್ದಳು. ಇದು ಮೊದಲ ಸರದಿ.

ಕಿಟಕಿಯ ಜಾಲರಿಯಾಚೆ ಅವನ ಮುಖ ಬಂತು. ಇಸ್ತ್ರಿ ಮಾಡಿದ ಅಂಗಿ, ಬೆವರಿದ ಹಣೆ.

"ನಿಮ್ಮಪ್ಪ, ಹುಡುಗಿ ಕೊಳ್ಳೇಗಾಲದ ಹೈಸ್ಕೂಲಲ್ಲಿ ಸೈನ್ಸ್ ಟೀಚರ್ ಅಂದಿದ್ರು. ಹುಳ ಏನೋ ರಜದಲ್ಲಿ ಶೋಕಿಗೆ ಅಂತ..."

ಶೋಕಿ! ಆ ಮಾತು ಚುಚ್ಚಿತು.

"ಟೀಚರ್ ಆಗಿದ್ದೆ. ಕೆಲಸ ಬಿಟ್ಟಾಯ್ತು. ಇನ್ಮೇಲೆ ಇದೇ ನನ್ ಕೆಲಸ. ಸಂಬಳದ ಹುಡುಗಿ ಬೇಕಿದ್ರೆ ಬೇರೆ ಮನೆ ನೋಡ್ಕೊಳಿ."

ಸುಳ್ಳು! ಅವಳು ಕೆಲಸ ಬಿಟ್ಟಿರಲಿಲ್ಲ. ರಜೆ ಹಾಕಿದ್ದಳು, ಅಷ್ಟೇ. ಮೊದಲ ಸಲವೇ ಹುಳು ಕೈಕೊಟ್ಟರೆ ಸದ್ದಿಲ್ಲದೆ ಶಾಲೆಗೆ ಮರಳಬಹುದೆಂದು ಲೆಕ್ಕ ಹಾಕಿದ್ದಳು. ಆದರೂ ಆ ಮಾತು ಬಾಯಿಂದ ಬಂದುಬಿಟ್ಟಿತು. ಒಮ್ಮೆ ಜೋರಾಗಿ ಹೇಳಿದರೆ ನಿಜವೇ ಆಗಿಬಿಡುತ್ತದೇನೋ ಎಂಬ ಆಸೆ...

ಅವನು ಮುಖ ಸಿಂಡರಿಸಲಿಲ್ಲ.

"ಧೈರ್ಯ ಕಣ್ರಿ ನಿಮ್ಗೆ. ನಾನೂ ಬಿ.ಎಡ್. ಮಾಡಿದೀನಿ, ಸೈನ್ಸಲ್ಲೇ. ಯಳಂದೂರಲ್ಲಿ ಅಪ್ಪನ ಬಟ್ಟೆ ಅಂಗಡೀಲಿ ಬ್ಲೌಸ್ ಪೀಸ್ ಹರೀತಾ ಕೂತಿದೀನಿ. ಪಾಠ ಮಾಡ್ಬೇಕು ಅಂತ ಆಸೆ. ಅಪ್ಪಂಗೆ ಹೇಳೋಕೆ ಭಯ."

"ಬ್ಲೌಸ್ ಪೀಸಿಗೆ ಪಾಠ ಮಾಡಿ ಮತ್ತೆ!"

"ಮಾಡ್ತೀನಲ್ಲಾ. ಅವು ಪ್ರಶ್ನೆ ಕೇಳಲ್ಲ, ಅದೇ ಬೇಜಾರು."

ಮಾಸ್ಕಿನೊಳಗೆ ಮಾಲಿನಿ ನಕ್ಕಳು. ಅವನಿಗೆ ಕಾಣಲಿಲ್ಲ, ಆದರೆ ಗೊತ್ತಾಯಿತು!

"ಕೆಲಸ ಬಿಟ್ಟಿದ್ದು ಮನೇಲಿ ಯಾರ್ಗೂ ಗೊತ್ತಿಲ್ಲ. ಹೇಳ್ಬೇಡಿ."

"ನಿಮ್ಮನೇಲೂ ಹೇಳಲ್ಲ, ನಮ್ಮನೇಲೂ ಹೇಳಲ್ಲ."

ಮಾತು ಎಲ್ಲೆಲ್ಲಿಗೋ ಹೋಯಿತು. ಮನೆಯೊಳಗಿನಿಂದ ಅವ್ವ ಕೂಗಿದಾಗಲೇ ಇಬ್ಬರಿಗೂ ಹೊತ್ತು ಕಳೆದದ್ದು ತಿಳಿದದ್ದು.

*

ಹುಳುಗಳು ಎರಡನೇ ಪೊರೆ ಬಿಡಲು ತಲೆಯೆತ್ತಿ ಅಲುಗದೆ ಕೂತ ದಿನ ಫೋನು ಬಂತು. ಮುಖ್ಯೋಪಾಧ್ಯಾಯಿನಿ ಪ್ರೇಮಾ ಮೇಡಂ.

"ಮಾಲಿನಿ, ಕೆಲಸ ಬಿಟ್ಟಿದೀರಂತೆ? ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

ಹುಳುಗಳ ಮೇಲೆ ಉದುರಿಸುತ್ತಿದ್ದ ಸುಣ್ಣದ ಪುಡಿಯ ಡಬ್ಬಿ ಕೈಯಿಂದ ಜಾರಿ ಬಿತ್ತು.

"ಯಾರ್... ಯಾರ್ ಹೇಳಿದ್ದು ಮೇಡಂ?"

"ಯಳಂದೂರಿನ ಉದಯಕುಮಾರ್ ಅಂತೆ. ನಿಮ್ಮ ಜಾಗ ಖಾಲಿ ಇದೆಯಲ್ಲ ಅಂತ ಅರ್ಜಿ ಹಿಡ್ಕೊಂಡು ಬಂದಿದ್ರು. ನಾಳೆ ಡೆಮೋ ಕ್ಲಾಸ್ ಮಾಡ್ಲಿ ಅಂದಿದೀನಿ. ಪರೀಕ್ಷೆ ಹತ್ರ ಬಂತು, ನಂಗೆ ಟೀಚರ್ ಬೇಕು. ನಾಳೆ ಮಧ್ಯಾಹ್ನದೊಳಗೆ ಬಂದು ಇರ್ತೀರೋ ಬಿಡ್ತೀರೋ ಹೇಳಿ. ಬರದಿದ್ರೆ ಅವರನ್ನೇ ತಗೋತೀನಿ."

ನನ್ನ ಕೆಲಸವನ್ನೇ...! ಕಿಟಕಿ ಬಳಿ ನಿಂತು ಸಿಹಿ ಮಾತಾಡಿದವನು ನೇರ ಹೋಗಿ ನನ್ನ ಕುರ್ಚಿಗೇ ಟವೆಲ್ ಹಾಕಿದನಾ?

ಅವತ್ತು ಕಿಟಕಿಯಲ್ಲೇ ಅವನು ಕೊಟ್ಟುಹೋಗಿದ್ದ ನಂಬರ್ ಒತ್ತಿದಳು.

"ಯಾರ್ಗೂ ಹೇಳಲ್ಲ ಅಂದಿದ್ರಿ!"

"ಮನೇಲಿ ಹೇಳಲ್ಲ ಅಂದೆ. ಸ್ಕೂಲಿಗೆ ಗೊತ್ತಿರುತ್ತಲ್ವಾ? ನೀವೇ ಬಿಟ್ಟಾಯ್ತು ಅಂದ್ರಲ್ಲಾ..."

ಹೌದು, ಅವಳೇ ಅಂದಿದ್ದು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಯಿತು.

"ನೀವು ಹೆಣ್ಣು ನೋಡಕ್ ಬಂದಿದ್ದೋ, ಕೆಲಸ ನೋಡಕ್ ಬಂದಿದ್ದೋ?"

ಅವನು ಬಾಯಿ ತೆರೆಯುವ ಮೊದಲೇ ಮಾಲಿನಿ ಫೋನ್ ಕಟ್ ಮಾಡಿದಳು. ಅಳು ಬಂತು. ಕಣ್ಣು ಒರೆಸಿಕೊಳ್ಳಲೂ ಆಗದು, ಕೈತುಂಬ ಸುಣ್ಣ!

*

ಬೆಳಗಿನ ತಂಪಿನಲ್ಲೇ ಹುಳು ಒಯ್ಯಲು ಶಾಗ್ಯದ ಮಾರಯ್ಯ ಲಗೇಜ್ ಆಟೋ ತಂದು ನಿಲ್ಲಿಸಿದ. ಅವನೇ ಅವಳ ಮೊದಲ ಗಿರಾಕಿ.

ಮಾಲಿನಿ ಒಂದೊಂದೇ ಟ್ರೇ ನೋಡುತ್ತ ಬಂದಳು. ಪೊರೆ ಬಿಟ್ಟ ಹುಳುಗಳು ಹಸಿದು ತಲೆಯಾಡಿಸುತ್ತಿದ್ದವು. ಚೆನ್ನಾಗಿವೆ... ಇವೂ ಚೆನ್ನಾಗಿವೆ... ಬಾಗಿಲ ಪಕ್ಕದ ಟ್ರೇಯ ಮೇಲೆ ಬಾಗಿ ನೋಡಿದಳು. ಒಂದು ದಪ್ಪ, ಒಂದು ಸಣ್ಣ. ಅರ್ಧಕ್ಕರ್ಧ ಹುಳು ಪೊರೆ ಬಿಟ್ಟು ಎದ್ದೇ ಇರಲಿಲ್ಲ.

ಸೆಂಟು! ಅವನ ಸೆಂಟು! ಕೆಲಸವೂ ಹೋಯಿತು, ಹುಳುವೂ ಹೋಯಿತು...

ಹಿಂದೆಯೇ ಬಂದ ಅಪ್ಪ ಬಾಗಿಲಲ್ಲಿ ನಿಂತು ಇಣುಕಿದ.

"ಅದ್ನೂ ಸೇರ್ಸಿ ಕೊಟ್ ಕಳ್ಸು. ಸೊಪ್ ಹಾಕುದ್ರೆ ಎದ್ದೋಯ್ತವೆ. ಈಗ್ಲೇ ಯಾರ್ಗೆ ಗೊತ್ತಾಯ್ತದೆ? ಆಮೇಲೆ ಸುಮ್ನೆ ಇಸ್ಕೂಲಿಗ್ ಓಗು. ಈ ಆಟ ಸಾಕು ಕಣವ್ವ."

ಕೊಟ್ಟುಬಿಡಬಹುದಿತ್ತು. ಕೆಟ್ಟದ್ದು ಶಾಗ್ಯದಲ್ಲಿ ಗೊತ್ತಾಗುವ ಹೊತ್ತಿಗೆ ಅವಳು ಶಾಲೆಯಲ್ಲಿರುತ್ತಿದ್ದಳು.

ಮಾಲಿನಿ ಆ ಟ್ರೇ ಎತ್ತಿಕೊಂಡಳು. ಆಗಲೇ ನೆನಪಾಯಿತು. ಅವನು ಬಂದ ದಿನ ಬಾಗಿಲ ಕಡೆಯಿಂದ ಸೊಪ್ಪು ಹಾಕಬೇಕೆಂದಿದ್ದಾಗಲೇ ಅವನು ಬಾಗಿಲು ತಳ್ಳಿದ್ದು. ಆಮೇಲೆ ಕಿಟಕಿ, ಮಾತು, ನಗು... ಮರಳಿ ಬಂದು ಎರಡನೇ ಟ್ರೇಯಿಂದ ಶುರು ಮಾಡಿದ್ದಳು. ಇದಕ್ಕೆ ಸೊಪ್ಪು ಬಿದ್ದೇ ಇರಲಿಲ್ಲ! ಎಳೆ ಹುಳು ಒಂದು ಹೊತ್ತು ಹಸಿದರೂ ಹೀಗೇ ಆಗುವುದು.

ಅವನ ತಪ್ಪಲ್ಲ. ಹುಳು ಕೆಟ್ಟದ್ದೂ ಅಲ್ಲ... ಕೆಲಸದ ಗೊಂದಲವೂ ಅಲ್ಲ.

ಹೊರಗೆ ಬಂದಳು. "ಮಾರಯ್ಯ, ಒಂದ್ ಟ್ರೇ ನಿಮ್ಗೆ ಕಮ್ಮಿ. ಹುಳ ಹಸ್ಕೊಂಡವೆ, ನನ್ ತಪ್ಪು. ಇದನ್ನ ಕೊಡಲ್ಲ."

ಮಾರಯ್ಯ ಬೀಡಿಯ ಕಟ್ಟನ್ನು ಜೇಬಿಗೆ ತುರುಕಿ ಗೊಣಗಿದ. "ಅಯ್ಯೋ ಟೀಚ್ರೇ, ತಟ್ಟೆ ಎಲ್ಲಾ ತೊಳ್ದು ಮನೆ ರೆಡಿ ಮಾಡ್ಕಂಡಿವ್ನಿ. ಮಕ್ಳಿಗೆ ಊಟ ಬಡ್ಸೋದ ಮರ್ತವ್ರ ಕಂಡಿವ್ನಿ, ಉಳುಗ್ಳಿಗೆ ಮರ್ತವ್ರ ಇವತ್ತೇ ಕಂಡಿದ್ದು!"

ಮಾಲಿನಿ ತಲೆ ತಗ್ಗಿಸಿದಳು.

ಅವನೇ ಮುಂದುವರಿಸಿದ. "ಓಗ್ಲಿ, ಇರೋದ ಕೊಡಿ ತಕಂಡೋಯ್ತೀನಿ. ಬಾಯ್ಬುಟ್ಟು ಏಳುದ್ರಲ್ಲಾ... ಮುಂದಿನ್ ಸಲಕ್ಕೂ ನನ್ ಎಸ್ರು ಬರ್ಕಳಿ."

ಆಟೋ ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಇಷ್ಟೇನಾ? ನಿಜ ಹೇಳುವುದು ಇಷ್ಟೇನಾ? ಹನೂರಿನ ರೈತರು ಸಂಜೆ ಬಂದು ಒಯ್ಯಬೇಕಿದ್ದ ಟ್ರೇಗಳು ಇನ್ನೂ ಒಳಗಿದ್ದವು. ಹುಳುವಿಗೆ ರೋಗ ತಾಗದಿರಲೆಂದು ಅವ್ವನಿಗೆ ಸ್ನಾನ ಮಾಡಿ ಬರಲು ಹೇಳಿ, ಸೊಪ್ಪು ಹಾಕುವ ಕ್ರಮ ತೋರಿಸಿ, ಸಿಕ್ಕಿದ ಬಸ್ ಹತ್ತಿದಳು.

*

ಮುಖ್ಯೋಪಾಧ್ಯಾಯಿನಿಯ ಕೋಣೆಯ ಬಾಗಿಲಲ್ಲಿ ಅವನ ದನಿ ಕೇಳಿಸಿತು.

"ಅರ್ಜಿ ವಾಪಸ್ ಕೊಡಿ ಮೇಡಂ. ತಪ್ಪು ತಿಳ್ಕೊಂಡು ಬಂದೆ. ನಿನ್ನೆ ಅವರ ಫೋನ್ ಬಂದ್ಮೇಲೆ ಗೊತ್ತಾಯ್ತು, ಅವರು ಕೆಲಸ ಬಿಟ್ಟಿಲ್ಲ."

"ಡೆಮೋ ಇಷ್ಟ್ ಚೆನ್ನಾಗ್ ಮಾಡಿ ಈಗ ಹೀಗಂದ್ರೆ? ಹುಡುಗ್ರು ನಿಮ್ಮನ್ನ ಬಿಡೋಕೇ ಒಪ್ತಿರ್ಲಿಲ್ಲ!"

"ಹುಡುಗ್ರು ಕೇಳಿದ್ರು ಅಂತ ಪಾಠ ಮಾಡ್ದೆ ಮೇಡಂ. ಅಷ್ಟಾದ್ರೂ ಆಯ್ತಲ್ಲಾ."

ಮಾಲಿನಿ ಒಳಗೆ ಬಂದಳು. ಅವನು ಗಡಬಡಿಸಿ ಎದ್ದ. ಮೇಡಂ ಕನ್ನಡಕ ತೆಗೆದರು.

"ಬಂದ್ರಾ! ಜಾಗ ನಿಮ್ಮದೇ ಮಾಲಿನಿ. ನಾಳೆಯಿಂದ ಬನ್ನಿ, ನಡೆದಿದ್ದು ನಾನು ಮರೀತೀನಿ."

ಎಷ್ಟು ಸುಲಭ! ಹೂಂ ಅಂದರೆ ಸಾಕು. ಅಪ್ಪ ಸುಮ್ಮನಾಗುತ್ತಾನೆ, ಪ್ರತಿ ತಿಂಗಳೂ ಸಂಬಳ ಬರುತ್ತದೆ...

"ಮೇಡಂ, ನಾನು ಸುಳ್ಳು ಹೇಳಿದ್ದೆ. ಇವರಿಗೆ ಕೆಲಸ ಬಿಟ್ಟೆ ಅಂದೆ, ನಿಮ್ಮ ಹತ್ರ ನಂಗೆ ಹುಷಾರಿಲ್ಲ ಅಂತ ರಜೆ ಕೇಳಿದೆ. ಎರಡೂ ಸುಳ್ಳು." ಚೀಲದಿಂದ ಪೆನ್ನು ತೆಗೆದಳು. "ಈಗ ಬಿಡ್ತಿದೀನಿ. ನಿಜವಾಗ್ಲೂ. ಒಂದ್ ಬಿಳಿ ಹಾಳೆ ಕೊಡಿ."

"ಹುಳ ಕೈಕೊಟ್ರೆ?"

"ಕೊಟ್ಟಾಯ್ತು ಮೇಡಂ, ಒಂದ್ ಟ್ರೇ. ಆದ್ರೂ ಬಿಡ್ತೀನಿ."

ನಿಂತುಕೊಂಡೇ ರಾಜೀನಾಮೆ ಬರೆದಳು. ಮೇಡಂ ಓದಿ, ನಿಟ್ಟುಸಿರು ಬಿಟ್ಟು, ಉದಯಕುಮಾರನ ಕಡೆ ತಿರುಗಿದರು.

"ಈಗಲಾದ್ರೂ ಅರ್ಜಿ ಇಲ್ಲೇ ಇರ್ಲೋ, ಬೇಡ್ವೋ?"

ಅವನು ಮೇಡಂ ಕಡೆ ನೋಡಲಿಲ್ಲ. ಮಾಲಿನಿಯನ್ನೇ ನೋಡಿದ. ಅವಳು ಹೂಂ ಎಂದು ತಲೆಯಾಡಿಸಿದಳು.

"ಇರ್ಲಿ ಮೇಡಂ."

*

ಗೇಟಿನಾಚೆ ಇಬ್ಬರೂ ಜೊತೆಯಾಗಿ ನಡೆದರು.

"ನಿನ್ನೆ ಬಾಯಿಗ್ ಬಂದಂಗೆ ಮಾತಾಡ್ಬಿಟ್ಟೆ. ಕ್ಷಮಿಸಿ," ಎಂದಳು.

"ನೀವ್ ಕೇಳಿದ್ದು ಸರಿಯಾಗೇ ಇತ್ತು. ರಾತ್ರಿಯೆಲ್ಲ ಅದನ್ನೇ ಯೋಚ್ನೆ ಮಾಡ್ದೆ. ನಾನ್ ಬಂದಿದ್ದು ಹೆಣ್ಣು ನೋಡಕ್ಕೂ ಅಲ್ಲ, ಕೆಲಸ ನೋಡಕ್ಕೂ ಅಲ್ಲ. ಅಪ್ಪ ಕಾರ್ ಹತ್ತು ಅಂದ್ರು, ಹತ್ತಿದ್ದೆ." ಅವನು ನಿಂತ. "ಆದ್ರೆ ವಾಪಸ್ ಹೋಗುವಾಗ... ನೀವು ಬೇಕು ಅನ್ನಿಸ್ತು."

ಮಾಲಿನಿಯ ಕಿವಿ ಬಿಸಿಯಾಯಿತು.

"ಅವತ್ತು ನಿಮ್ ಜೊತೆ ಮಾತಾಡ್ತಾ ಒಂದ್ ಟ್ರೇಗೆ ಸೊಪ್ಪು ಹಾಕೋದೇ ಮರ್ತಿದ್ದೆ. ಅದೇ ಕೆಟ್ಟಿದ್ದು. ನಾನು ಹಂಗೆಲ್ಲ ಮರೆಯೋಳಲ್ಲ..." ಅವನತ್ತ ನೋಡಿದಳು. "ಅರ್ಥ ಆಯ್ತಾ?"

ಅವನಿಗೆ ಅರ್ಥವಾಯಿತು. ಮುಖ ಅರಳಿತು. ಮರುಕ್ಷಣವೇ ಬಾಡಿತು.

"ಅಪ್ಪಂಗೆ ಹೇಳ್ಬೇಕಲ್ಲಾ. ಅಂಗಡಿ ಬಿಡ್ತೀನಿ, ಮೇಷ್ಟ್ರಾಗ್ತೀನಿ, ಸೊಸೆಗೆ ಸಂಬಳ ಇಲ್ಲ... ಮೂರೂ ಒಟ್ಟಿಗೆ! ಎಲ್ಲಿಂದ ಶುರು ಮಾಡ್ಲಿ?"

"ಯಳಂದೂರಿಗೆ ಬಸ್ ಎಲ್ಲಿ ಹತ್ತೋದು?"

"ಯಾಕೆ?"

"ನಾನೂ ಬರ್ತೀನಿ. ಸೊಸೆ ವಿಷ್ಯ ನಾನ್ ಹೇಳ್ತೀನಿ, ಅಂಗಡಿ ವಿಷ್ಯ ನೀವ್ ಹೇಳಿ."

"ಈಗ್ಲೇ?!"

"ಈಗ್ಲೇ. ಸಂಜೆ ಹನೂರಿನವ್ರು ಬರೋ ಹೊತ್ತಿಗೆ ನಾನ್ ಊರಲ್ಲಿರ್ಬೇಕು."

"ಅಪ್ಪ ಬೈದ್ರೆ?"

"ಇಬ್ರೂ ಬೈಸ್ಕೊಳ್ಳಣ."

ಅವನು ಅವಳ ಕೈಚೀಲ ತೆಗೆದುಕೊಂಡ. ಅವಳು ಬೇಡವೆನ್ನಲಿಲ್ಲ.